ಹದಿನೆಂಟರಲ್ಲಿ ಒಂದು ಪಾಲು



ಶಾಲಾ ಶಿಕ್ಷಕಿಯೊಬ್ಬರ ನೆನಪಿಗಾಗಿ ನಡೆಯುವ ಉಪನ್ಯಾಸವಿದು. ಆದ್ದರಿಂದ ನಾನೂ ಒಂದು ಶಾಲೆಯ ಜಗಲಿಯಿಂದಲೇ ಮಾತು ಆರಂಭಿಸುತ್ತೇನೆ. ನನ್ನ ತಂದೆ ಸುಳ್ಯ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರಾಗಿದ್ದರು. ಜೂನ್ ಮೊದಲ ವಾರ ಮಳೆ ಹಿಡಿದಿರುತ್ತಿತ್ತು. ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ಕೊಡೆ ಮಡಚಿಟ್ಟು ಸಾಲಾಗಿ ನಿಲ್ಲುತ್ತಿದ್ದರು. ಮಗು ಹುಟ್ಟಿದ್ದು ಯಾವಾಗ ಎಂದು ಅಪ್ಪ ಕೇಳಿದರೆ ಒಬ್ಬಾಕೆ, ‘ಪತ್ತನಾಜೆ ಕಳೆದು ಎಂಟು ದಿನಕ್ಕೆ’ ಎನ್ನುವಳು. ಇನ್ನೊಬ್ಬಾಕೆ, ‘ದೊಡ್ಡ ನೆರೆ ಬಂತಲ್ಲ, ಅದರ ಮಾರನೆ ವರ್ಷ, ಆಟಿಯಲ್ಲಿ’ ಎನ್ನುವಳು. ಅಪ್ಪ ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿಗೆ ತಾಗುತ್ತದೆಯೇ ಎಂದು ನೋಡುವರು. ತಾಗಿದರೆ ಶಾಲೆಗೆ ಸೇರುವ ಪ್ರಾಯ ಆಯಿತು ಎಂದು ಲೆಕ್ಕ. ಆಮೇಲೆ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆಯುವರು. ಕರ್ನಾಟಕದಲ್ಲಿ ನನ್ನ ವಯಸ್ಸಿನ ಎಷ್ಟೋ ಮಂದಿ ಜೂನ್ 1ರಂದು ಹುಟ್ಟಿದವರು. ಅದು ಮಾಸ್ಟ್ರು ಕೊಟ್ಟ ಜನ್ಮದಿನ.

ಒಂದು ವರ್ಷ ಆ ಸಾಲಿನಲ್ಲಿ ರಬ್ಬರ್ ತೋಟದ ಲೈನು ಮನೆಗಳಿಂದ ಬಂದ ಒಬ್ಬ ಹುಡುಗಿ ನಿಂತಿದ್ದಳು. ಸಿಲೋನಿನಿಂದ ಬಂದ ತಮಿಳು ಕುಟುಂಬ. ಅವಳ ತಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಒಂದು ಕಾಗದವನ್ನು ಬಿಚ್ಚಿ ಅಪ್ಪನ ಮುಂದಿಟ್ಟರು. ಅಲ್ಲಿನ ಚಹಾ ತೋಟದಲ್ಲಿ ಬರೆಸಿದ ಜನನ ದಾಖಲೆ. ದಿನ, ತಿಂಗಳು, ವರ್ಷ ಎಲ್ಲವೂ ಸ್ಪಷ್ಟವಾಗಿತ್ತು. ಆ ತರಗತಿಯಲ್ಲಿ ನಿಜವಾದ ಜನ್ಮದಿನ ಇದ್ದದ್ದು ಅವಳೊಬ್ಬಳಿಗೇ. ಆದರೆ ಹುಟ್ಟಿದ ನಾಡು ಅವಳನ್ನಾಗಲಿ ಅವಳ ಅಪ್ಪ ಅಮ್ಮನನ್ನಾಗಲಿ ತನ್ನವರೆಂದು ಒಪ್ಪಿರಲಿಲ್ಲ. ನಮಗೆಲ್ಲ ದೇಶವಿತ್ತು, ತಾರೀಕು ಇರಲಿಲ್ಲ. ಅವಳು ಹುಟ್ಟುವಾಗ ತಾರೀಕು ಮಾತ್ರ ಇತ್ತು.

ಬಹಳ ವರ್ಷಗಳ ಮೇಲೆ ಆಫ್ರಿಕಾದ ಒಂದು ತೀರ್ಮಾನವನ್ನು ಓದುತ್ತಿದ್ದಾಗ ಆ ಕಾಗದ ನನಗೆ ನೆನಪಾಯಿತು. ಒಂದು ಭೂಖಂಡದ ದೇಶಗಳು ಸೇರಿ ಕಟ್ಟಿಕೊಂಡ ಹಕ್ಕುಗಳ ಸಂಸ್ಥೆ ಒಂದು ಮಗುವಿನ ಪರವಾಗಿ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ ಎನ್ನುವುದು ನನ್ನ ಇವತ್ತಿನ ವಿಷಯ. ಯುರೋಪು, ಅಮೆರಿಕಗಳಲ್ಲೂ ಇಂಥ ಸಂಸ್ಥೆಗಳಿವೆ, ಅವುಗಳ ಮಾತನ್ನೂ ಆಡುತ್ತೇನೆ. ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಆಫ್ರಿಕಾದಲ್ಲಿ. ಮಕ್ಕಳಿಗಾಗಿಯೇ ಒಂದು ಸನದು, ಅದನ್ನು ಕಾಯಲು ಮಕ್ಕಳಿಗಾಗಿಯೇ ಒಂದು ಸಮಿತಿ ಇರುವ ಭೂಖಂಡ ಅದೊಂದೇ.

ಕೆನ್ಯಾದ ರಾಜಧಾನಿ ನೈರೋಬಿಯ ಅಂಚಿನಲ್ಲಿ ಕಿಬೆರಾ ಎಂಬ ಜಾಗವಿದೆ. ಆಫ್ರಿಕಾದ ದೊಡ್ಡ ಕೊಳೆಗೇರಿಗಳಲ್ಲಿ ಒಂದು ಎಂದು ಈಗ ಅದರ ಹೆಸರು ಕೇಳುತ್ತೇವೆ. ಮೂಲದಲ್ಲಿ ಆ ಹೆಸರಿಗೆ ಕಾಡು ಎಂಬ ಅರ್ಥ. ಆ ಹೆಸರಿಟ್ಟವರು ನುಬಿಯನ್ನರು. ಸೂಡಾನಿನ ಕಡೆಯಿಂದ ಬ್ರಿಟಿಷರು ಸಿಪಾಯಿಗಳಾಗಿ ಕರೆತಂದವರು. ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಪಡೆಯಲ್ಲಿ ದುಡಿದ ಇವರನ್ನು ಊರಿಗೆ ಹಿಂದೆ ಕಳುಹಿಸುವ ಬದಲು ಕಿಬೆರಾದಲ್ಲಿ ನೆಲೆಗೊಳಿಸಿದರು, ಆದರೆ ನೆಲದ ಹಕ್ಕು ಕೊಡಲಿಲ್ಲ. 1963ರಲ್ಲಿ ಕೆನ್ಯಾ ಸ್ವತಂತ್ರವಾಯಿತು. ಅಷ್ಟು ಹೊತ್ತಿಗೆ ಅವರ ಮೊಮ್ಮಕ್ಕಳು ಅಲ್ಲೇ ಹುಟ್ಟಿ ಬೆಳೆಯುತ್ತಿದ್ದರು. ಆದರೂ ಕಚೇರಿಗಳ ಕಣ್ಣಿಗೆ ಅವರು ಹೊರಗಿನವರಾಗಿಯೇ ಉಳಿದರು.

ಇದು ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನುಬಿಯನ್ ಮಗು ಹುಟ್ಟಿದಾಗ ಎಷ್ಟೋ ಸಲ ಜನನ ನೋಂದಣಿಯೇ ಆಗುತ್ತಿರಲಿಲ್ಲ. ನೋಂದಣಿಯಾಗಿ ಪ್ರಮಾಣಪತ್ರ ಸಿಕ್ಕರೂ ಅದು ಪೌರತ್ವಕ್ಕೆ ಪುರಾವೆಯಲ್ಲ ಎಂದು ಅದರ ಮೇಲೆಯೇ ಅಚ್ಚಾಗಿರುತ್ತಿತ್ತು. ಹದಿನೆಂಟು ತುಂಬಿದ ಮೇಲೆ ಗುರುತಿನ ಚೀಟಿಗೆ ಅರ್ಜಿ ಹಾಕಿದರೆ, ಹೆಚ್ಚಿನ ಕೆನ್ಯನ್ನರಿಗೆ ಇಲ್ಲದ ಒಂದು ಪರಿಶೀಲನಾ ಸಮಿತಿಯ ಮುಂದೆ ಈ ಹುಡುಗ ಹುಡುಗಿಯರು ನಿಲ್ಲಬೇಕಿತ್ತು. ಅಜ್ಜನ ಕಾಗದ ತನ್ನಿ ಎಂದು ಅಲ್ಲಿ ಕೇಳುತ್ತಿದ್ದರು. ಚೀಟಿ ಇಲ್ಲದೆ ನೌಕರಿ ಇಲ್ಲ, ಮತ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಅಂದರೆ ಮಗು ಹುಟ್ಟಿದಂದಿನಿಂದ ಹದಿನೆಂಟು ವರ್ಷ ಈ ದೇಶ ನನ್ನದಾಗುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಬೆಳೆಯುತ್ತಿತ್ತು.

2009ರಲ್ಲಿ ಎರಡು ಸಂಸ್ಥೆಗಳು ಈ ಮಕ್ಕಳ ಪರವಾಗಿ ಆಫ್ರಿಕಾದ ಮಕ್ಕಳ ಹಕ್ಕು ಮತ್ತು ಕ್ಷೇಮದ ತಜ್ಞರ ಸಮಿತಿಗೆ ದೂರು ಕೊಟ್ಟವು. ಈ ಸಮಿತಿಯಲ್ಲಿ ಹನ್ನೊಂದು ಜನ ಸದಸ್ಯರು. ಅವರನ್ನು ಆಯ್ಕೆ ಮಾಡುವುದು ಸರ್ಕಾರಗಳೇ ಆದರೂ ಕೂರುವುದು ಸರ್ಕಾರದ ಪ್ರತಿನಿಧಿಗಳಾಗಿ ಅಲ್ಲ. ಸಮಿತಿ 2001ರಲ್ಲಿ ರೂಪುಗೊಂಡಿತು. ಮೊದಲು ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿದ್ದ ಅದರ ಕಾರ್ಯಾಲಯ ಈಗ ಲೆಸೋಥೋದ ಮಸೇರುವಿನಲ್ಲಿದೆ. ನಮ್ಮಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇದೆಯಲ್ಲ, ಅದೇ ರೀತಿ ಇಲ್ಲಿಯೂ ಮಗುವೇ ಬಂದು ಸಹಿ ಹಾಕಬೇಕಿಲ್ಲ. ಯಾವುದೇ ವ್ಯಕ್ತಿ, ಗುಂಪು ಅಥವಾ ಮಾನ್ಯತೆ ಪಡೆದ ಸ್ವಯಂಸೇವಾ ಸಂಸ್ಥೆ ದೂರು ಕೊಡಬಹುದು. ಮಕ್ಕಳ ವಿಷಯದಲ್ಲಿ ಈ ಬಾಗಿಲು ತೆರೆದಿರಲೇಬೇಕು ಎಂದು ನನಗೆ ಅನಿಸುತ್ತದೆ. ಐದು ವರ್ಷದ ಮಗು ಯಾವ ವಕೀಲರನ್ನು ಹುಡುಕಿಕೊಂಡು ಹೋದೀತು?

ಈ ಸಮಿತಿ ಕಾಯುವ ಸನದಿನ ಮಾತನ್ನೂ ಇಲ್ಲಿ ಹೇಳಬೇಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರಿನಲ್ಲಿ ಬಂದಿತ್ತು. ಎಂಟು ತಿಂಗಳೂ ಕಳೆಯುವ ಮುಂಚೆ, 1990ರ ಜುಲೈನಲ್ಲಿ ಆಫ್ರಿಕಾ ತನ್ನದೇ ಸನದನ್ನು ಅಂಗೀಕರಿಸಿತು. ಎರಡೆರಡು ಯಾಕೆ ಬೇಕಿತ್ತು? ವಿಶ್ವಸಂಸ್ಥೆಯ ಕರಡನ್ನು ಬರೆಯುವಾಗ ಆಫ್ರಿಕಾದ ನಾಲ್ಕೇ ದೇಶಗಳು ನಿಜವಾಗಿ ಪಾಲ್ಗೊಂಡಿದ್ದವು. ಆಫ್ರಿಕಾದ ಮಕ್ಕಳನ್ನು ಹಿಂಡುತ್ತಿದ್ದ ಸಂಗತಿಗಳು ಆ ಕರಡಿನಲ್ಲಿ ಮೆತ್ತಗಾಗಿದ್ದವು. ಆಫ್ರಿಕಾದ ಸನದು ಕೆಲವು ಕಡೆ ಗಟ್ಟಿಯಾಗಿಯೇ ಮಾತಾಡಿತು. ಹದಿನೆಂಟರ ಒಳಗಿನವರೆಲ್ಲ ಮಕ್ಕಳು, ಇದಕ್ಕೆ ವಿನಾಯಿತಿ ಇಲ್ಲ. ಮದುವೆಯ ಕನಿಷ್ಠ ವಯಸ್ಸು ಹದಿನೆಂಟು. ವಿಶ್ವಸಂಸ್ಥೆಯ ಒಡಂಬಡಿಕೆ ಯುದ್ಧಕ್ಕೆ ಹದಿನೈದರ ಗಡಿ ಇಟ್ಟಿದ್ದರೆ, ಇಲ್ಲಿ ಯಾವ ಮಗುವೂ ಬಂದೂಕು ಹಿಡಿದು ಕಾದಾಟಕ್ಕೆ ಇಳಿಯಕೂಡದು. ಎಲ್ಲೂ ಪೌರತ್ವ ಸಿಗದ ಮಗುವಿಗೆ ಅದು ಹುಟ್ಟಿದ ನೆಲದ ಪೌರತ್ವ ಸಿಗುವಂತೆ ನೋಡಿಕೊಳ್ಳುವುದು ಆ ದೇಶದ ಹೊಣೆ. ಮಕ್ಕಳಿಗೂ ಕರ್ತವ್ಯಗಳಿವೆ, ಹಿರಿಯರನ್ನು ಗೌರವಿಸಬೇಕು ಎಂಬ ವಿಧಿಯೂ ಅದರಲ್ಲಿದೆ. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಅದು ಹೊಸತಲ್ಲ. ಅಂಥ ವಿಧಿ ದೊಡ್ಡವರ ಕೈಯಲ್ಲಿ ಬೆತ್ತವಾದೀತು ಎಂಬ ಅಳುಕು ನನಗಿತ್ತು. 2017ರಲ್ಲಿ ಸಮಿತಿ ಅದರ ಬಗ್ಗೆ ವಿವರಣೆ ಬರೆದು, ಕರ್ತವ್ಯದ ಹೆಸರಿನಲ್ಲಿ ಮಗುವಿನ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಸ್ಪಷ್ಟಪಡಿಸಿತು.

ಕಿಬೆರಾಕ್ಕೆ ಮರಳೋಣ. ಇಂಥ ಹೆಚ್ಚಿನ ಸಂಸ್ಥೆಗಳಲ್ಲಿ ಒಂದು ಕಟ್ಟಳೆ ಇದೆ. ಮೊದಲು ನಿಮ್ಮ ದೇಶದ ನ್ಯಾಯಾಲಯಗಳನ್ನು ಮುಗಿಸಿಕೊಂಡು ಬನ್ನಿ, ಆಮೇಲೆ ನಮ್ಮ ಬಾಗಿಲು ತಟ್ಟಿ ಎನ್ನುವುದು. ನ್ಯಾಯವಾದ ಕಟ್ಟಳೆಯೇ. ಆದರೆ ಕೆನ್ಯಾದ ನ್ಯಾಯಾಲಯದಲ್ಲಿ ನುಬಿಯನ್ನರ ಮೊಕದ್ದಮೆ ವರ್ಷಗಟ್ಟಲೆ ಎಳೆದಾಡುತ್ತಿತ್ತು. ಅದು ಮುಗಿಯುವವರೆಗೆ ಕಾಯಿರಿ ಎಂದು ಮಕ್ಕಳಿಗೆ ಹೇಳಲಾಗದು, ಹಾಗೆ ಕಾಯಿಸುವುದು ಮಗುವಿನ ಹಿತಕ್ಕೆ ವಿರುದ್ಧ ಎಂದು ಸಮಿತಿ ಕಟ್ಟಳೆಯನ್ನು ಸಡಿಲಿಸಿತು. ಸಮಿತಿ ಅಲ್ಲಿ ಒಂದು ಲೆಕ್ಕವನ್ನೂ ಮುಂದಿಟ್ಟಿತು. ಮಗುವಿನ ಬಾಳಿನ ಒಂದು ವರ್ಷವೆಂದರೆ ಅದರ ಬಾಲ್ಯದ ನೂರರಲ್ಲಿ ಸುಮಾರು ಆರು ಪಾಲು. ಹದಿನೆಂಟರಲ್ಲಿ ಒಂದು ಪಾಲು. ಎಷ್ಟು ಸರಳ ಗಣಿತ. ಆದರೆ ಕಡತದಲ್ಲಿ ‘ಮುಂದಿನ ವಿಚಾರಣೆಗೆ’ ಎಂದು ಷರಾ ಬರೆಯುವವರು ಯಾರೂ ಈ ಲೆಕ್ಕ ಹಾಕುವುದಿಲ್ಲ. ನಲವತ್ತು ವರ್ಷದವರ ಜಮೀನಿನ ತಕರಾರು ಆರು ವರ್ಷ ತಡವಾದರೆ ಅನ್ಯಾಯ. ಆರು ವರ್ಷದ ಮಗುವಿನ ಮೊಕದ್ದಮೆ ಆರು ವರ್ಷ ತಡವಾದರೆ ಆ ಮಗುವೇ ಇರುವುದಿಲ್ಲ, ಅದರ ಜಾಗದಲ್ಲಿ ಹನ್ನೆರಡರ ಬೇರೆ ಯಾರೋ ಇರುತ್ತಾರೆ.

2011ರ ಮಾರ್ಚ್ 22ರಂದು ಸಮಿತಿ ತೀರ್ಮಾನ ಕೊಟ್ಟಿತು. ದೂರೊಂದರ ಮೇಲೆ ಅದು ಕೊಟ್ಟ ಮೊದಲ ತೀರ್ಮಾನವದು. ಕೆನ್ಯಾ ಈ ಮಕ್ಕಳ ನೋಂದಣಿ, ಪೌರತ್ವದ ಹಕ್ಕನ್ನು ಮುರಿದಿದೆ, ತಾರತಮ್ಯ ಮಾಡಿದೆ ಎಂದಿತು. ಅಷ್ಟಕ್ಕೇ ನಿಲ್ಲದೆ, ಪೌರತ್ವವಿಲ್ಲದ ಸಮುದಾಯವಿರುವ ಕಡೆ ಶಾಲೆಯೂ ಆಸ್ಪತ್ರೆಯೂ ಸೊರಗುತ್ತವೆ ಎಂದು ಗುರುತಿಸಿ, ಶಿಕ್ಷಣ ಮತ್ತು ಆರೋಗ್ಯದ ಹಕ್ಕುಗಳೂ ಮುರಿದಿವೆ ಎಂದಿತು. ಒಂದು ಕಾಗದ ಇಲ್ಲದಿರುವುದಕ್ಕೂ ಶಾಲೆಯಲ್ಲಿ ಬೆಂಚು ಇಲ್ಲದಿರುವುದಕ್ಕೂ ಇರುವ ಸಂಬಂಧವನ್ನು ಅಷ್ಟು ನೇರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿರಲಿಲ್ಲ. ಮೂರು ವರ್ಷಗಳ ಮೇಲೆ, 2014ರಲ್ಲಿ, ಇದೇ ವಿಚಾರವನ್ನು ಸಮಿತಿ ಎಲ್ಲ ದೇಶಗಳಿಗೂ ಅನ್ವಯಿಸುವ ವಿವರಣೆಯಾಗಿ ಬರೆಯಿತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಕಡತವನ್ನೂ ತೆರೆಯಬೇಕು. ಉತ್ತರ ಉಗಾಂಡಾದಲ್ಲಿ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಮಕ್ಕಳನ್ನು ಹೊತ್ತೊಯ್ದು ಕೈಗೆ ಬಂದೂಕು ಕೊಡುತ್ತಿದ್ದ ಕಾಲದಲ್ಲಿ, ಸರ್ಕಾರದ ಪಡೆಗಳೂ ಮಕ್ಕಳನ್ನು ಬಳಸುತ್ತಿವೆ ಎಂದು 2005ರಲ್ಲಿ ಪ್ರಿಟೋರಿಯಾ ವಿಶ್ವವಿದ್ಯಾಲಯದ ಕಡೆಯಿಂದ ಸಮಿತಿಗೆ ದೂರು ಹೋಯಿತು. ಅದು ಸಮಿತಿಗೆ ಬಂದ ಮೊದಲ ದೂರು. ತೀರ್ಮಾನ ಬಂದದ್ದು 2013ರ ಏಪ್ರಿಲಿನಲ್ಲಿ. ಮಕ್ಕಳನ್ನು ಕಾದಾಟದಿಂದ ದೂರವಿಡುವ ಹೊಣೆಯಲ್ಲಿ ಉಗಾಂಡಾ ತಪ್ಪಿದೆ ಎಂದು ಸಮಿತಿ ಹೇಳಿತು, ಸರಿ. ಆದರೆ ಎಂಟು ವರ್ಷ. ಕಿಬೆರಾದ ಮಕ್ಕಳಿಗಾಗಿ ತಾನೇ ಹಾಕಿದ ಲೆಕ್ಕದ ಪ್ರಕಾರ ಬಾಲ್ಯದ ಹೆಚ್ಚುಕಡಿಮೆ ಅರ್ಧ. ದೂರು ಕೊಟ್ಟಾಗ ಹನ್ನೆರಡು ವರ್ಷದವನಿದ್ದ ಹುಡುಗನಿಗೆ ತೀರ್ಮಾನ ಬರುವಾಗ ಇಪ್ಪತ್ತು. ಸಮಿತಿಗೆ ಆ ದಿನಗಳಲ್ಲಿ ಹಣವೂ ಸಿಬ್ಬಂದಿಯೂ ಸಾಲದಾಗಿತ್ತು. ಕಾರಣ ಗೊತ್ತಿದ್ದರೂ ಈ ಎಂಟು ವರ್ಷವನ್ನು ನಾನು ಮನ್ನಿಸಲಾರೆ. ಯಾವ ಸಂಸ್ಥೆ ಮಕ್ಕಳ ಗಡಿಯಾರವನ್ನು ಕಂಡುಹಿಡಿಯಿತೋ ಅದೇ ಸಂಸ್ಥೆ ದೊಡ್ಡವರ ಗಡಿಯಾರ ನೋಡಿಕೊಂಡು ಕೂತಿತ್ತು.

ದೂರು ಒಂದೇ ದಾರಿಯಲ್ಲ. ಸನದನ್ನು ಅನುಮೋದಿಸಿದ ದೇಶಗಳು ಮೊದಲು ಎರಡು ವರ್ಷದೊಳಗೆ, ಆಮೇಲೆ ಮೂರು ವರ್ಷಕ್ಕೊಮ್ಮೆ ತಮ್ಮ ಮಕ್ಕಳ ಸ್ಥಿತಿಯ ವರದಿ ಒಪ್ಪಿಸಬೇಕು. ಸರ್ಕಾರ ಬರೆದ ವರದಿಯಲ್ಲಿ ಶಾಲೆಗಳೆಲ್ಲ ಸುಣ್ಣ ಬಳಿದಂತೆಯೇ ಕಾಣುತ್ತವೆ. ಆದ್ದರಿಂದ ಜನಸಂಸ್ಥೆಗಳು ಕೊಡುವ ಪೂರಕ ವರದಿಯನ್ನೂ ಪಕ್ಕದಲ್ಲಿಟ್ಟುಕೊಂಡು ಸಮಿತಿ ಪ್ರಶ್ನೆ ಕೇಳುತ್ತದೆ. ಗಡುವು ಮೀರುವ ದೇಶಗಳೇ ಹೆಚ್ಚು. ವರದಿಗೆ ಕಾಯದೆ ತಾನೇ ಹೋಗಿ ನೋಡುವ ಅಧಿಕಾರವೂ ಸಮಿತಿಗಿದೆ. ತಾಂಜಾನಿಯಾದಲ್ಲಿ ಹುಟ್ಟಿನಿಂದಲೇ ಮೈಬಣ್ಣವಿಲ್ಲದ ಮಕ್ಕಳನ್ನು ಮೂಢನಂಬಿಕೆಯಿಂದ ಕೊಲ್ಲುವುದು, ಅಂಗ ಕತ್ತರಿಸುವುದು ನಡೆಯುತ್ತಿತ್ತು. ಅವರನ್ನು ಉಳಿಸಲೆಂದು ಸರ್ಕಾರ ತಾತ್ಕಾಲಿಕ ಆಶ್ರಯಗಳಲ್ಲಿ ಇರಿಸಿತು. 2015ರಲ್ಲಿ ಸಮಿತಿಯವರು ಅಲ್ಲಿಗೆ ಹೋದರು. ತಾತ್ಕಾಲಿಕ ಎಂದದ್ದು ವರ್ಷಗಳಾಗಿ ಬೆಳೆದಿತ್ತು. ಮಕ್ಕಳು ಜೀವ ಉಳಿಸಿಕೊಂಡಿದ್ದರು, ಅಪ್ಪ ಅಮ್ಮನನ್ನು ಕಳೆದುಕೊಂಡಿದ್ದರು. ರಕ್ಷಣೆಯೇ ಬಂದೀಖಾನೆಯಾಗುವ ಈ ಬಗೆ ಕಾಗದದ ವರದಿಯಲ್ಲಿ ಸಿಗುವುದಿಲ್ಲ. ಹಜಾರದಲ್ಲಿ ನಿಂತು, ಒಂದೇ ಹಾಸಿಗೆಯಲ್ಲಿ ಎಷ್ಟು ಮಕ್ಕಳು ಮಲಗುತ್ತಾರೆ ಎಂದು ಕೇಳಿದರೆ ಮಾತ್ರ ತಿಳಿಯುತ್ತದೆ.

ಸೆನೆಗಲ್‌ನ ತಾಲಿಬೆ ಮಕ್ಕಳ ಪ್ರಕರಣ ನನ್ನನ್ನು ಬಹಳ ಕಾಡಿದ್ದು. ಕುರ್‌ಆನ್ ಕಲಿಯಲೆಂದು ಬಡ ಹಳ್ಳಿಗರು ಮಕ್ಕಳನ್ನು ದಾರಾ ಎಂಬ ವಸತಿ ಶಾಲೆಗಳಿಗೆ, ಮರಬು ಎನಿಸಿಕೊಂಡ ಗುರುಗಳ ಕೈಗೆ ಒಪ್ಪಿಸುತ್ತಾರೆ. ಶತಮಾನಗಳ ಪದ್ಧತಿ, ನಂಬಿಕೆಯ ಪದ್ಧತಿ. ಎಷ್ಟೋ ಗುರುಗಳು ಅದನ್ನು ನಿಷ್ಠೆಯಿಂದ ನಡೆಸುತ್ತಾರೆ. ಆದರೆ ನಗರಗಳಲ್ಲಿ ಕೆಲವರು ಡಬ್ಬಿ ಕೊಟ್ಟು ಮಕ್ಕಳನ್ನು ಬೀದಿಗೆ ಅಟ್ಟಿದರು. ದಿನಕ್ಕೆ ಇಷ್ಟು ದುಡ್ಡು ತರಬೇಕು, ತರದಿದ್ದರೆ ಪೆಟ್ಟು. ಹೀಗೆ ಭಿಕ್ಷೆ ಬೇಡುವವರು ಒಂದು ಲಕ್ಷದವರೆಗೆ ಇದ್ದಾರೆ, ಹೆಚ್ಚಿನವರು ನಾಲ್ಕರಿಂದ ಹನ್ನೆರಡು ವರ್ಷದವರು ಎಂದು ದೂರಿನಲ್ಲಿತ್ತು. ಸರ್ಕಾರ ತಾನೇ ಮಕ್ಕಳನ್ನು ಹೊಡೆದಿರಲಿಲ್ಲ. ಬಲವಂತದ ಭಿಕ್ಷಾಟನೆಯ ವಿರುದ್ಧ 2005ರಲ್ಲೇ ಕಾಯಿದೆಯನ್ನೂ ತಂದಿತ್ತು. ಹಾಗಿದ್ದರೆ ಅದರ ತಪ್ಪೇನು? ಕಾಯಿದೆ ಮಾಡಿ ಕಪಾಟಿನಲ್ಲಿಟ್ಟದ್ದೇ ತಪ್ಪು ಎಂದಿತು ಸಮಿತಿ, 2014ರ ಏಪ್ರಿಲಿನಲ್ಲಿ. ಖಾಸಗಿಯವರು ಮಾಡುವ ಹಿಂಸೆ ಕಣ್ಣೆದುರು ನಡೆಯುತ್ತಿದ್ದರೂ ತಡೆಯದ ಸರ್ಕಾರ ಅದಕ್ಕೆ ಹೊಣೆ. ಮಾರಿಟೇನಿಯಾದಲ್ಲಿ ಗುಲಾಮಗಿರಿಯಿಂದ ಓಡಿ ಬಂದ ಇಬ್ಬರು ಅಣ್ಣತಮ್ಮಂದಿರ ವಿಷಯದಲ್ಲೂ 2017ರಲ್ಲಿ ಇದೇ ತತ್ವ ಕೆಲಸಕ್ಕೆ ಬಂತು. ಅವರನ್ನು ದುಡಿಸಿಕೊಂಡವನಿಗೆ ಅಲ್ಲಿನ ನ್ಯಾಯಾಲಯ ಕೊಟ್ಟದ್ದು ಎರಡೇ ವರ್ಷದ ಶಿಕ್ಷೆ, ಅದರಲ್ಲೂ ನಾಲ್ಕು ತಿಂಗಳಿಗೆ ಅವನು ಜಾಮೀನಿನ ಮೇಲೆ ಹೊರಬಂದಿದ್ದ.

ಎಲ್ಲವೂ ಜಗಳದಲ್ಲೇ ಮುಗಿಯಬೇಕೆಂದಿಲ್ಲ. ಮಲಾವಿಯ ಸಂವಿಧಾನ ಹದಿನಾರರ ಒಳಗಿನವರಿಗೆ ಮಾತ್ರ ಮಕ್ಕಳು ಎನ್ನುತ್ತಿತ್ತು. 2014ರಲ್ಲಿ ದೂರು ಬಂತು, 2016ರಲ್ಲಿ ಎರಡೂ ಕಡೆಯವರು ಸಮಿತಿಯ ಮುಂದೆ ರಾಜಿಯಾದರು, 2017ರಲ್ಲಿ ಸಂವಿಧಾನವೇ ತಿದ್ದುಪಡಿಯಾಯಿತು.

ಅಮೆರಿಕ ಖಂಡಗಳ ದಾರಿ ಬೇರೆ. ಅಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಆಯೋಗ, ಕೋಸ್ಟರಿಕಾದ ಸಾನ್ ಹೋಸೆಯಲ್ಲಿ ಒಂದು ನ್ಯಾಯಾಲಯ. ಮಕ್ಕಳಿಗೆಂದು ಆ ಒಡಂಬಡಿಕೆಯಲ್ಲಿ ಇರುವುದು ಹತ್ತೊಂಬತ್ತನೆಯ ವಿಧಿಯ ಒಂದೇ ವಾಕ್ಯ. 1990ರ ಜೂನಿನಲ್ಲಿ ಗ್ವಾಟೆಮಾಲಾ ನಗರದಲ್ಲಿ ಬೀದಿಯಲ್ಲಿ ಬದುಕುತ್ತಿದ್ದ ಐದು ಹುಡುಗರನ್ನು ಕೊಂದರು. ಮೂವರು ಇನ್ನೂ ಹದಿನೆಂಟು ದಾಟದವರು. ಆರೋಪ ಹೊತ್ತ ಪೊಲೀಸರನ್ನು ಅಲ್ಲಿನ ನ್ಯಾಯಾಲಯಗಳು ಬಿಟ್ಟುಬಿಟ್ಟವು. 1999ರ ನವೆಂಬರಿನಲ್ಲಿ ಅಂತರ ಅಮೆರಿಕ ನ್ಯಾಯಾಲಯ ಆ ಒಂದೇ ವಾಕ್ಯವನ್ನು ಹಿಡಿದು, ಜೀವಿಸುವ ಹಕ್ಕು ಎಂದರೆ ಕೊಲ್ಲದಿರುವುದಷ್ಟೇ ಅಲ್ಲ, ಮಗು ಘನತೆಯಿಂದ ಬಾಳುವ ಸ್ಥಿತಿಯನ್ನು ಒದಗಿಸುವುದೂ ಹೌದು ಎಂದಿತು. ಬೀದಿಗೆ ಬೀಳಗೊಟ್ಟದ್ದು ಮೊದಲ ತಪ್ಪು, ಕೊಂದದ್ದು ಎರಡನೆಯದು. 2001ರಲ್ಲಿ ಪರಿಹಾರವನ್ನು ನಿಗದಿ ಮಾಡುವಾಗ, ಈ ಹುಡುಗರನ್ನು ನೆನಪಿಸುವ ಹೆಸರನ್ನು ಒಂದು ಶಾಲೆಗೆ ಇಡಬೇಕು, ಅಲ್ಲಿ ಅವರ ಹೆಸರುಗಳ ಫಲಕ ಹಾಕಬೇಕು ಎಂದು ಆದೇಶಿಸಿತು. ಬದುಕಿದ್ದಾಗ ಶಾಲೆಯ ಹಾಜರಿ ಪುಸ್ತಕದಲ್ಲಿ ಇರಬೇಕಿದ್ದ ಹೆಸರುಗಳು ಸತ್ತ ಮೇಲೆ ಗೋಡೆಗೆ ಬಂದವು.

ಯುರೋಪಿನ ಸ್ಟ್ರಾಸ್‌ಬರ್ಗ್ ನ್ಯಾಯಾಲಯದ ಬಗ್ಗೆ ನಮ್ಮ ಕಾನೂನು ತರಗತಿಗಳಲ್ಲಿ ಬೇಕಾದಷ್ಟು ಹೇಳುತ್ತಾರೆ. ನಾನು ಅದರ ಪಕ್ಕದಲ್ಲೇ ಇರುವ, ಅಷ್ಟು ಹೆಸರಾಗದ ಸಾಮಾಜಿಕ ಹಕ್ಕುಗಳ ಸಮಿತಿಯನ್ನು ಮಾತ್ರ ನೆನೆಯುತ್ತೇನೆ. ಅಲ್ಲಿ ಯಾವ ಮಗುವಿನ ಹೆಸರೂ ಇಲ್ಲದೆ ಸಂಘಟನೆಗಳು ಸಾಮೂಹಿಕ ದೂರು ಕೊಡಬಹುದು. ಹಾಗೆ ಬಂದ ಮೊತ್ತಮೊದಲ ದೂರೇ ಬಾಲಕಾರ್ಮಿಕರದು, 1998ರಲ್ಲಿ ಪೋರ್ಚುಗಲ್ ವಿರುದ್ಧ. ಕಾಯಿದೆ ಸರಿಯಾಗಿತ್ತು, ತಪಾಸಣೆ ಸಾಲದಾಗಿತ್ತು. ಸಮಿತಿ ಪೋರ್ಚುಗಲ್‌ನ ಸ್ವಂತ ಸಮೀಕ್ಷೆಯನ್ನೇ ಮುಂದಿಟ್ಟುಕೊಂಡು ಮರುವರ್ಷದ ಸೆಪ್ಟೆಂಬರಿನಲ್ಲೇ ತೀರ್ಮಾನ ಹೇಳಿತು. ಮನಸ್ಸಿದ್ದರೆ ಒಂದು ವರ್ಷದೊಳಗೂ ಮುಗಿಸಬಹುದು.

ಈಗ ಆ ಹುಡುಗಿಯ ಕಾಗದಕ್ಕೆ ಬರುತ್ತೇನೆ. ಬ್ರಿಟಿಷರು ಚಹಾ ತೋಟಗಳಿಗೆ ಕರೆದೊಯ್ದ ತಮಿಳು ಕೂಲಿಗಳ ಸಂತತಿಯನ್ನು ಸಿಲೋನ್ 1948ರ ಪೌರತ್ವ ಕಾಯಿದೆಯಿಂದ ಹೊರಗಿಟ್ಟಿತು. ಕಿಬೆರಾದ ಕತೆಯೇ, ಬಂದೂಕಿನ ಬದಲು ಚಹಾ ಎಲೆ. 1964ರ ಅಕ್ಟೋಬರಿನಲ್ಲಿ ಸಿರಿಮಾವೊ ಬಂಡಾರನಾಯಿಕೆ ಮತ್ತು ಲಾಲ್ ಬಹಾದುರ್ ಶಾಸ್ತ್ರಿ ಒಪ್ಪಂದ ಮಾಡಿಕೊಂಡು, 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ವಿಷಯ ಆಮೇಲೆ ಎಂದು ತೀರ್ಮಾನಿಸಿದರು. ಆ ‘ಆಮೇಲೆ’ ಬಂದದ್ದು ಹತ್ತು ವರ್ಷಕ್ಕೆ, 1974ರಲ್ಲಿ. ಆ ಲೆಕ್ಕದೊಳಗೆ ಮಕ್ಕಳೂ ಇದ್ದರು. ಅವರನ್ನು ಯಾರೂ ಬೇರೆಯಾಗಿ ಎಣಿಸಲಿಲ್ಲ, ಕೇಳಲೂ ಇಲ್ಲ. ಹಾಗೆ ಬಂದ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಅವರಿಗೆ ಆಗ ದೂರು ಕೊಡಲು ಎರಡು ಸರ್ಕಾರಗಳ ಮೇಲೆ ಒಂದು ಸಮಿತಿ ಇರಲಿಲ್ಲ. ಇವತ್ತೂ ಇಲ್ಲ. ದಕ್ಷಿಣ ಏಷ್ಯಾದ ದೇಶಗಳು 2002ರ ಜನವರಿಯಲ್ಲಿ ಕಠ್ಮಂಡುವಿನಲ್ಲಿ ಮಕ್ಕಳ ಕ್ಷೇಮದ ಬಗ್ಗೆ ಒಂದು, ಹೆಂಗಸರು ಮಕ್ಕಳ ಸಾಗಾಣಿಕೆಯ ಬಗ್ಗೆ ಒಂದು, ಹೀಗೆ ಎರಡು ಒಡಂಬಡಿಕೆಗಳಿಗೆ ಸಹಿ ಹಾಕಿದವು. ಅಹವಾಲು ಕೇಳುವ ಪೀಠವನ್ನು ಎರಡೂ ಕಟ್ಟಲಿಲ್ಲ. ಎರಡು ದೇಶಗಳ ನಡುವಿನ ವಿವಾದಗಳನ್ನು ಚರ್ಚೆಗೆ ತರಬಾರದು ಎಂಬುದು ಈ ದೇಶಗಳ ಒಕ್ಕೂಟವಾದ ಸಾರ್ಕ್‌ನ ಸನದಿನಲ್ಲಿಯೇ ಇದೆ. ಗಡಿ ದಾಟುವ ಮಗುವೆಂದರೆ ಎರಡು ದೇಶಗಳ ನಡುವಿನ ವಿಷಯವಲ್ಲದೆ ಮತ್ತೇನು? 2014ರ ನಂತರ ಸಾರ್ಕ್ ಶೃಂಗಸಭೆಯೂ ಸೇರಿಲ್ಲ.

ನಮ್ಮೊಳಗೆ ಏನೂ ಇಲ್ಲವೆಂದಲ್ಲ. 2005ರ ಕಾಯಿದೆಯಂತೆ ದೇಶಕ್ಕೊಂದು, 2009ರಿಂದ ಕರ್ನಾಟಕಕ್ಕೊಂದು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಶಾಲೆಗೆ ಹೋಗುವ ದಾರಿಯ ಕಾಲುಸಂಕ ಮುರಿದಿದೆ ಎಂದು ಪಂಚಾಯ್ತಿಯವರಿಗೆ ಹೇಳುವುದನ್ನು ನಾನು ನೋಡಿದ್ದೇನೆ. ಮಸೇರುವಿನ ಸಮಿತಿಯೂ ಇದನ್ನು ನೋಡಿ ಕಲಿಯಬಹುದು. ಆದರೆ ಸರ್ಕಾರವೇ ನೇಮಿಸಿದ ಆಯೋಗಕ್ಕೂ ಸರ್ಕಾರದ ಹೊರಗಿನಿಂದ ನೋಡುವ ಕಣ್ಣಿಗೂ ವ್ಯತ್ಯಾಸವಿದೆ. ದೇಶದೊಳಗೆ ನ್ಯಾಯ ಸಿಗದಿದ್ದರೆ ಮಕ್ಕಳ ಪರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ದಾರಿ ಮಾಡುವ ಪ್ರೋಟೊಕಾಲು 2014ರಿಂದ ಜಾರಿಯಲ್ಲಿದೆ. ಭಾರತ ಅದಕ್ಕೆ ಸೇರಿಲ್ಲ. ಸೇರಬೇಕು ಎಂದು ಈ ವೇದಿಕೆಯಿಂದ ನಾನು ಸ್ಪಷ್ಟವಾಗಿಯೇ ಕೇಳುತ್ತೇನೆ. ನೇಪಾಳದಿಂದ, ಬಾಂಗ್ಲಾದಿಂದ ಬೆಂಗಳೂರಿಗೆ ಬಂದು ತಲುಪುವ ಮಕ್ಕಳಿಗೆ ನಮ್ಮ ರಾಜ್ಯದ ಆಯೋಗದ ಕೈ ಗಡಿಯವರೆಗೆ ಮಾತ್ರ ಚಾಚುತ್ತದೆ.

ಕಿಬೆರಾದ ತೀರ್ಮಾನವನ್ನು ಓದಿದ ವರ್ಷ ನಾನು ಊರಿಗೆ ಹೋಗಿದ್ದೆ. ಅಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಜಗಲಿಯ ಕುರ್ಚಿಯಲ್ಲಿ ಕೂತು ಕೇಳಿದರು. ಸಿಲೋನಿನ ಹುಡುಗಿಯ ಹೆಸರು ಅವರಿಗೆ ನೆನಪಿತ್ತು, ಅವಳ ಜನ್ಮದಿನವೂ ನೆನಪಿತ್ತು. ‘ಅವಳದ್ದೊಂದೇ ಅಲ್ಲವಾ, ನಾನು ನೋಡಿ ಬರೆದದ್ದು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಮಕ್ಕಳಿಗೆ ಕಾಗದ ಸಿಕ್ಕಿತಾ?’ ಎಂದು ಕೇಳಿದರು.

ಇನ್ನೂ ಇಲ್ಲ ಎಂದೆ. ತೀರ್ಮಾನ ಬಂದ ಮೇಲೂ ವರ್ಷಗಟ್ಟಲೆ ನುಬಿಯನ್ ಹುಡುಗರು ಆ ಪರಿಶೀಲನಾ ಸಮಿತಿಗಳ ಮುಂದೆ ನಿಲ್ಲಬೇಕಾಯಿತು. ಕಿಬೆರಾದ 288 ಎಕರೆ ನೆಲದ ಹಕ್ಕುಪತ್ರ ಸಮುದಾಯದ ಕೈಗೆ ಬಂದದ್ದು 2017ರಲ್ಲಿ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ತೀರ್ಮಾನ ಹೊರಬಿದ್ದ 2011ರ ಮಾರ್ಚಿನಲ್ಲಿ ಅಲ್ಲಿ ಹುಟ್ಟಿದ ಕೂಸಿಗೆ 2029ರ ಮಾರ್ಚಿನಲ್ಲಿ ಹದಿನೆಂಟು ತುಂಬುತ್ತದೆ.